ಬೆಲ್ಮೊಂಡೊ ನಟನೆ ಕಲಿಯದ ಬಾಕ್ಸರ್ ಆಗಿದ್ದರೇ?

ಪ್ರಶ್ನೆ: ಫ್ರೆಂಚ್ ನಟ ಜ್ಯಾಂ-ಪೋಲ್ ಬೆಲ್ಮೊಂಡೊ ಮೂಲತಃ ಬಾಕ್ಸರ್, ನಟನೆಯ ಗಂಧವೇ ಇಲ್ಲದ ಅವರನ್ನು ನಿರ್ದೇಶಕ ಗೊಡಾರ್ ಬೀದಿಯಿಂದ ಕರೆತಂದು ನಾಯಕನನ್ನಾಗಿಸಿದರು ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಗೊಡಾರ್ ನಿರ್ದೇಶನದಲ್ಲಿ ಬೆಲ್ಮೊಂಡೊ ನಾಯಕರಾದ ‘ಬ್ರೆತ್‌ಲೆಸ್’ ಚಿತ್ರದ ಮಾತು ಬಂದಾಗಲೆಲ್ಲ ಈ ಕಥೆ ಮತ್ತೆ ತಲೆಯೆತ್ತುವುದರಿಂದ ಈ ಸಲ ತುಸು ವಿಸ್ತಾರವಾಗಿಯೇ ಹೇಳುತ್ತೇನೆ.

1933ರಲ್ಲಿ ಪ್ಯಾರಿಸ್‌ನ ಅಂಚಿನ ನ್ಯೂಯಿಯಲ್ಲಿ ಹುಟ್ಟಿದ ಅವರು ಹೆಸರಾಂತ ಶಿಲ್ಪಿ ಪೋಲ್ ಬೆಲ್ಮೊಂಡೊ ಅವರ ಮಗ. ಹದಿಹರೆಯದಲ್ಲಿ ಹವ್ಯಾಸಕ್ಕೆಂದು ಕೆಲವು ಬಾಕ್ಸಿಂಗ್ ಪಂದ್ಯಗಳಲ್ಲಿ ಸೆಣಸಿದ್ದು ಹೌದು. ಆದರೆ ಎಲ್ಲರೂ ಸಾಕ್ಷಿಯೆಂದು ತೋರಿಸುವ ಆ ಮೂಗು ಮುರಿದದ್ದು ಶಾಲೆಯ ಹುಡುಗರ ಜಗಳದಲ್ಲಿ. 1952ರಲ್ಲಿ ಅವರು ಪ್ಯಾರಿಸ್‌ನ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ, ಜ್ಯಾಂ ರೋಷ್‌ಫೋರ್ ಮತ್ತು ಜ್ಯಾಂ-ಪಿಯೆರ್ ಮರಿಯೆಲ್‌ರಂಥ ಸಹಪಾಠಿಗಳ ನಡುವೆ ವರ್ಷಗಟ್ಟಲೆ ಶಾಸ್ತ್ರೀಯ ನಾಟಕಗಳನ್ನು ಅಭ್ಯಾಸ ಮಾಡಿದರು. 1956ರ ಅಂತಿಮ ಸ್ಪರ್ಧೆಯಲ್ಲಿ ತೀರ್ಪುಗಾರರು ಅವರಿಗೆ ಮೊದಲ ಬಹುಮಾನ ನಿರಾಕರಿಸಿದಾಗ ಸಹಪಾಠಿಗಳೇ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ನಟನೆ ಗೊತ್ತಿಲ್ಲದವನಿಗೆ ಇಂಥ ಮರ್ಯಾದೆಯನ್ನು ಯಾವ ನಾಟಕ ಶಾಲೆಯ ವಿದ್ಯಾರ್ಥಿಗಳು ಕೊಟ್ಟಾರು?

ಗೊಡಾರ್ ಅವರ ಮೊದಲ ಪೂರ್ಣಪ್ರಮಾಣದ ಚಿತ್ರವಾದ ‘ಬ್ರೆತ್‌ಲೆಸ್’ 1960ರಲ್ಲಿ ತೆರೆಕಂಡಿತು. ಅಷ್ಟರಲ್ಲಾಗಲೇ ಬೆಲ್ಮೊಂಡೊ ಮಾರ್ಸೆಲ್ ಕಾರ್ನೆ, ಕ್ಲೋದ್ ಶಬ್ರೋಲ್ ಅವರ ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದರು. ಗೊಡಾರ್ ಅವರದೇ ಕಿರುಚಿತ್ರವೊಂದರಲ್ಲೂ ನಟಿಸಿದ್ದರು. ಆ ಕಿರುಚಿತ್ರಕ್ಕೆ ಧ್ವನಿ ಕೊಡುವ ಹೊತ್ತಿಗೆ ಅವರು ಸೈನ್ಯದಲ್ಲಿದ್ದುದರಿಂದ ಗೊಡಾರ್ ತಾವೇ ಅವರ ಮಾತುಗಳನ್ನು ಡಬ್ ಮಾಡಿದರು. ತೆರೆಯ ಮೇಲಿನ ಅವರ ಸಲೀಸುತನವನ್ನು ಕಲಿಯದವನ ಸಹಜತೆಯೆಂದು ತಿಳಿಯುವವರು 1961ರಲ್ಲಿ ನಿರ್ದೇಶಕ ಮೆಲ್ವಿಲ್ ತಮ್ಮ ಚಿತ್ರದಲ್ಲಿ ಬೆಲ್ಮೊಂಡೊಗೆ ಕೊಟ್ಟ ಪಾದ್ರಿಯ ಪಾತ್ರವನ್ನು ದಯವಿಟ್ಟು ನೋಡಬೇಕು: ಅಲ್ಲಿ ಓಟವಿಲ್ಲ, ಹೊಡೆದಾಟವಿಲ್ಲ, ಬಹುಮಟ್ಟಿಗೆ ಸಂಭಾಷಣೆಯೇ ಚಿತ್ರವನ್ನು ನಡೆಸುತ್ತದೆ.

ಡ್ಯೂಪ್ ಇಲ್ಲದೆ ಸಾಹಸ ದೃಶ್ಯಗಳನ್ನು ಮಾಡುತ್ತಿದ್ದರೆಂಬುದು ಮಾತ್ರ ಬಹುಪಾಲು ನಿಜ; 1975ರ ಚಿತ್ರವೊಂದಕ್ಕಾಗಿ ಪ್ಯಾರಿಸ್ ಮೆಟ್ರೋ ರೈಲಿನ ಚಾವಣಿಯ ಮೇಲೆಯೇ ಸಾಗಿದ್ದರು. 1985ರಲ್ಲಿ ಚಿತ್ರೀಕರಣದ ವೇಳೆ ಗಾಯಗೊಂಡ ಮೇಲೆ ಅದು ನಿಂತಿತು.

ಆಮೇಲೆ ಅವರು ಏನು ಮಾಡಿದರೆಂದು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಕಾಲು ಶತಮಾನಕ್ಕೂ ಹೆಚ್ಚು ಕಾಲ ಬಿಟ್ಟಿದ್ದ ರಂಗಭೂಮಿಗೆ 1987ರಲ್ಲಿ ಮರಳಿ, ಇಂಗ್ಲಿಷ್ ನಟ ಕೀನ್ ಅವರ ಪಾತ್ರವನ್ನು ವಹಿಸಿದರು. 1990ರಲ್ಲಿ ಫ್ರೆಂಚ್ ರಂಗಭೂಮಿಯ ಅತಿ ಕಷ್ಟದ ಪಾತ್ರಗಳಲ್ಲಿ ಒಂದಾದ, ಪದ್ಯದಲ್ಲಿಯೇ ಮಾತನಾಡುವ, ‘ಸಿರಾನೊ ದ ಬೆರ್ಜರಾಕ್’ ನಾಟಕದ ನಾಯಕ ಸಿರಾನೊ ಆದರು. ಮರುವರ್ಷ ಪ್ಯಾರಿಸ್‌ನ ವರಿಯೆತೆ ರಂಗಮಂದಿರವನ್ನೇ ಕೊಂಡುಕೊಂಡರು.