ಕಾಕಾನ ಕಾರು ಓಡಿದ್ದೇ ಕಮ್ಮಿ, ಆಯಿಲ್ ಮಾತ್ರ ಕೆಟ್ಟಿತ್ತು

ನಮ್ಮ ಕಾಕಾನ ಪೆಟ್ರೋಲ್ ಕಾರು ಎರಡು ವರ್ಷದಾಗ ಓಡಿದ್ದು ಬರೇ 4,000 ಕಿಲೋಮೀಟರ್. ಮುಂಜಾನಿ ಶರಣಬಸವೇಶ್ವರ ಗುಡಿ, ಸಂಜಿಗಿ ಸೂಪರ್ ಮಾರ್ಕೆಟ್, ಮುಗೀತು. "ಗಾಡಿ ಜೊತಿ ಬಂದ ಬುಕ್ಕಿನಾಗ 10,000 ಅಂತ ಬರದಾರ, ಅರ್ಧಾನೂ ಆಗಿಲ್ಲ, ಈಗ್ಯಾಕ ಇಂಜಿನ್ ಆಯಿಲ್ ಚೇಂಜ್?" ಅಂತಿದ್ರು. ಜನವರಿಯಾಗ ಒಂದಿನ ಬಾನೆಟ್ ಎತ್ತಿ ಆಯಿಲ್ ಹಾಕೋ ಮುಚ್ಚಳ ತಿರುವಿ ತಗದ್ರ ಅದರ ಒಳಗ ಹಳದಿ-ಬಿಳಿ ಲೋಳಿ, ಮಜ್ಜಿಗಿ ಕಡದ ಮ್ಯಾಲ ಕಡಗೋಲಿಗಿ ಬೆಣ್ಣಿ ಹತ್ತಿರ್ತದಲ್ಲ, ಹಂಗ.

"ಇದೇನೋ ತಮ್ಮಾ?"

"ನೀರು ರೀ ಕಾಕಾ."

ಮಿಸ್ತ್ರಿ ಮೊದಲ ಕೂಲಂಟ್ (ಇಂಜಿನ್ ತಂಪು ಇಡೋ ನೀರು) ಡಬ್ಬಿ ನೋಡಿದ, ಯಾಕಂದ್ರ ಇಂಜಿನ್ನಿನ ಎರಡು ಭಾಗದ ನಡುವಿನ ಸೀಲು, ಅಂದ್ರ ಹೆಡ್ ಗ್ಯಾಸ್ಕೆಟ್, ಹೋಗಿ ಕೂಲಂಟ್ ಆಯಿಲಿಗಿ ಸೇರಿದ್ರೂ ಹಿಂಗೇ ಲೋಳಿ ಆಗ್ತದ. ಕೂಲಂಟ್ ಬರೋಬ್ಬರಿ ಇತ್ತು. ಹಂಗಾದ್ರ ನೀರು ಎಲ್ಲಿಂದ ಬಂತು? ಪೆಟ್ರೋಲಿನಿಂದನೇ. ಪೆಟ್ರೋಲಿನಾಗಿನ ಹೈಡ್ರೋಜನ್ ಗಾಳಿಯಾಗಿನ ಆಕ್ಸಿಜನ್ ಜೊತಿ ಸೇರಿ ನೀರಾಗ್ತದ, ಒಂದು ಲೀಟರ್ ಪೆಟ್ರೋಲ್ ಸುಟ್ರ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ತದ ಅಂದ್ರ ಭಾಳ ಮಂದಿ ನಂಬಂಗಿಲ್ಲ. ಬಹಳಷ್ಟು ಆವಿಯಾಗಿ ಸೈಲೆನ್ಸರಿನಿಂದ ಹೋಗ್ತದ (ಚಳಿಗಾಲದಾಗ ಮುಂಜಾನಿ ಪೈಪಿನಿಂದ ಹನಿ ಹನಿ ಬೀಳೋದು ಇದೇ), ಒಂಚೂರು ಮಾತ್ರ ಪಿಸ್ಟನ್ ರಿಂಗಿನ ಸಂದ್ಯಾಗ ನುಸುಳಿ ಕೆಳಗ ಆಯಿಲಿಗಿ ಸೇರ್ತದ, ಜೊತಿಗಿ ಸುಡದೇ ಉಳಿದ ಪೆಟ್ರೋಲೂ. ಹುಮನಾಬಾದ್ ಮ್ಯಾಲ ಹಾದು ಬೀದರಿಗಿ ಹೋಗೋ ಗಾಡಿಗಿ ಚಿಂತಿಲ್ಲ, ಆಯಿಲ್ ಚಂದಾಗಿ ಕಾಯ್ದು ನೀರೆಲ್ಲ ಆರಿ ಹೋಗ್ತದ. ಗುಡಿಗಿ ಹೋಗಿ ಬರೋ ಮೂರು ಕಿಲೋಮೀಟರಿನಾಗ ಎಲ್ಲಿ ಕಾಯ್ಬೇಕು? ಟೆಂಪರೇಚರ್ ಮುಳ್ಳು ನಡುವ ಬಂದು ನಿಂತ್ರೂ ಅದು ಕೂಲಂಟಿನ ಲೆಕ್ಕ, ಆಯಿಲ್ ಇನ್ನಾ ಹಿಂದೇ ಇರ್ತದ.

ಆ ನೀರಿನ ಜೊತಿಗಿ ಆಸಿಡ್ ಹುಟ್ತದ. ಅದನ್ನ ಕೊಲ್ಲಾಕ ಕಂಪನಿಯವ್ರು ಆಯಿಲಿನಾಗ ಕ್ಷಾರದ ಕೆಮಿಕಲ್ ಹಾಕಿರ್ತಾರ, ದಿನಾ ಸ್ವಲ್ಪ ಸ್ವಲ್ಪ ಖರ್ಚಾಗಿ ಒಂದಿನ ಮುಗೀತದ. ಅದಕ್ಕೇ ಬುಕ್ಕಿನಾಗ "10,000 ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಅಂತ ಇರೋದು, ಕಾಕಾ ಅರ್ಧ ಸಾಲೇ ಓದಿದ್ರು. ಬರೇ ಸಣ್ಣ ಸಣ್ಣ ಓಡಾಟ, ಧೂಳು, ಟ್ರಾಫಿಕ್‌ನಾಗ ನಿಂತು ನಿಂತು ಹೋಗೋದು ಇದ್ರ ಇನ್ನಾ ಲಗೂ ಬದಲಿ ಮಾಡ್ರಿ ಅಂತ ಎಷ್ಟೋ ಬುಕ್ಕಿನಾಗ ಬೇರೆ ಲೆಕ್ಕಾನೇ ಕೊಟ್ಟಿರ್ತಾರ, ಸಾಮಾನ್ಯವಾಗಿ 5,000 ಇಲ್ಲಾ ಆರು ತಿಂಗಳು. ವಾಡಿ, ಸೇಡಂ ಸಿಮೆಂಟ್ ಲಾರಿ ಹಿಂದ ದಿನಾ ಹೋಗೋವ್ರಿಗಿ ಇದು ಖರೇ ಲೆಕ್ಕ, ಏರ್ ಫಿಲ್ಟರೂ ನೋಡ್ಕೋಬೇಕು.

ಇನ್ನ ಬಣ್ಣ ನೋಡಿ ತೀರ್ಪು ಕೊಡೋದು ಬಿಡ್ರಿ. ಡೀಸೆಲ್ ಗಾಡಿ ಆಯಿಲ್ ಹಾಕಿದ ಕೆಲವೇ ದಿನದಾಗ ಕರ್ರಗಾಗ್ತದ, ಮಸಿಯನ್ನ ತಳಕ್ಕ ಕೂಡ್ಲಾರದಂಗ ತನ್ನೊಳಗ ಹಿಡ್ಕೊಂಡದ ಅಂತ ಅರ್ಥ, ಅದರ ಕೆಲಸಾನೇ ಅದು. "ನಮ್ಮ ಕಡಿ 42 ಡಿಗ್ರಿ ಬಿಸಲು, ಮಂದ ಆಯಿಲ್ ಹಾಕ್ಸ್ರಿ" ಅನ್ನೋದೂ ನನಗ ಒಪ್ಪಿಗಿಲ್ಲ. ಆಯಿಲ್ ಡಬ್ಬಿ ಮ್ಯಾಲ ಬರದಿರೋ 5ಡಬ್ಲ್ಯೂ-30ರಾಗಿನ ಆ 30 ಅನ್ನೋ ಗ್ರೇಡಿಗಿ (ಎಷ್ಟು ಮಂದ ಅನ್ನೋ ಲೆಕ್ಕಕ್ಕ) ಆಯಿಲನ್ನ 100 ಡಿಗ್ರಿಗಿ ಕಾಯಿಸೇ ಅಳೀತಾರ, ನಮ್ಮ ಬಿಸಲು ಅದರ ಅರ್ಧಾನೂ ಇಲ್ಲ. ಬುಕ್ಕಿನಾಗ ಬರದ ಗ್ರೇಡೇ ಹಾಕ್ಸೋದು ಛಲೋ.

ಕಾಕಾನ ಆಯಿಲ್ ಇಳಿಸಿದಾಗ ಮಿಸ್ತ್ರಿ ಬೆರಳಿಗಿ ಹಚ್ಚಿ ಮೂಸಿ ನೋಡಿ ನನ್ನ ಮೂಗಿಗೂ ಹಿಡಿದ, ಪೆಟ್ರೋಲ್ ವಾಸನಿ ಘಮ್ ಅಂತಿತ್ತು. ಈಗ ಹುಣ್ಣಿಮಿಗೊಮ್ಮೆ ಇಬ್ಬರೂ ಗಾಣಗಾಪುರಕ್ಕ ಕಾರಿನಾಗೇ ಹೋಗ್ತಾರ, ಕಾಕು ದತ್ತನ ದರ್ಶನಕ್ಕ, ಕಾಕಾ ಆಯಿಲ್ ಕಾಯಿಸಾಕ.