ಬ್ಯಾಂಕ್ ರನ್: ಗಾಳಿಸುದ್ದಿಗೆ ಬ್ಯಾಂಕ್ ಬೀಳುವುದು ಹೇಗೆ?

ದುಡ್ಡು ಇಟ್ಟವರೆಲ್ಲ ಒಂದೇ ಸಲ ಬ್ಯಾಂಕಿಗೆ ಬಂದು "ನಮ್ಮ ದುಡ್ಡು ಈಗಲೇ ಕೊಡಿ" ಎಂದು ಕೇಳಿದರೆ ಅದನ್ನು ಬ್ಯಾಂಕ್ ರನ್ ಎನ್ನುತ್ತಾರೆ. ಬ್ಯಾಂಕ್ ನಿಜವಾಗಿ ನಷ್ಟದಲ್ಲಿ ಇರಬೇಕು ಅಂತೇನಿಲ್ಲ. ಮುಳುಗುತ್ತದಂತೆ ಎಂಬ ಸುದ್ದಿ ಹಬ್ಬಿದರೂ ಸಾಕು. ಅರ್ಬನ್ ಬ್ಯಾಂಕು, ಪತ್ತಿನ ಸಂಘ, ಸೌಹಾರ್ದ ಅಂತ ಹೋದಲ್ಲೆಲ್ಲ ಬೋರ್ಡು ಕಾಣುವ ದಾವಣಗೆರೆಯಲ್ಲಿ ಇದನ್ನು ಪ್ರತಿ ಮನೆಯವರೂ ತಿಳಿದಿರಬೇಕು.

ಮೊದಲ ಪ್ರಶ್ನೆ, ನಾವು ಇಟ್ಟ ದುಡ್ಡು ಎಲ್ಲಿರುತ್ತದೆ? ನೀವು ಎಫ್‌ಡಿ ಇಟ್ಟ ನೂರು ರೂಪಾಯಿಯಲ್ಲಿ ಸ್ವಲ್ಪವೇ ಸ್ವಲ್ಪ ನಗದಾಗಿ ಉಳಿಯುತ್ತದೆ. ಸುಮಾರು 18 ರೂಪಾಯಿಯನ್ನು ಸರ್ಕಾರಿ ಬಾಂಡ್‌ನಂಥ ಭದ್ರವಾದ ಕಡೆ ಇಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಉಳಿದದ್ದರಲ್ಲಿ ಜಾಸ್ತಿ ಭಾಗ ಸಾಲವಾಗಿ ಹೊರಗೆ ಹೋಗಿರುತ್ತದೆ. ಜಗಳೂರಿನ ರೈತರು ಮುಂಗಾರಿನಲ್ಲಿ ಬೀಜ, ಗೊಬ್ಬರಕ್ಕೆ ಸಾಲ ತಗೊಂಡರೆ, ಮೆಕ್ಕೆಜೋಳ ಎಪಿಎಂಸಿಗೆ ಬರುವುದು ದೀಪಾವಳಿ ಹೊತ್ತಿಗೆ. ಚನ್ನಗಿರಿ ಕಡೆ ಅಡಿಕೆ ತೋಟ ಕಟ್ಟಲು ಕೊಟ್ಟ ಸಾಲ ತಿರುಗಿ ಬರಲು ವರ್ಷಗಳೇ ಬೇಕು. ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಶೇಂಗಾ ಖರೀದಿಗೆ ತೆಗೆದ ಸಾಲ ಎಣ್ಣೆ ಮಾರಿದ ಮೇಲೆ ತೀರುತ್ತದೆ. ಸಾಲ ಪಡೆದವರೆಲ್ಲ ಪ್ರಾಮಾಣಿಕರೇ ಇರಬಹುದು. ಆದರೆ ಆಗಸ್ಟ್ ತಿಂಗಳಲ್ಲಿ ಠೇವಣಿದಾರರು ಕೌಂಟರ್ ಮುಂದೆ ಸಾಲು ನಿಂತರೆ ಆ ದುಡ್ಡು ಇನ್ನೂ ಹೊಲದಲ್ಲೇ ಹಸಿರಾಗಿ ನಿಂತಿರುತ್ತದೆ. ಅದನ್ನು ಯಾರೂ ಅವತ್ತೇ ನೋಟು ಮಾಡಿ ಕೊಡಲಾರರು.

ಸಾಲು ನಿಂತವರನ್ನು ದಡ್ಡರು ಎಂದು ಬೈಯುವುದು ಸುಲಭ. ಅದು ತಪ್ಪು. ಸುದ್ದಿ ಸುಳ್ಳು ಎಂದು ನಿಮಗೆ ಖಾತ್ರಿ ಇದ್ದರೂ, ಉಳಿದವರೆಲ್ಲ ಅದನ್ನು ನಂಬಿ ಓಡುತ್ತಿದ್ದರೆ ಕೊನೆಗೆ ಬಂದವರಿಗೆ ನಗದು ಸಿಗುವುದಿಲ್ಲ. ಹಾಗಾಗಿ ನೀವೂ ಓಡುವುದೇ ಬುದ್ಧಿವಂತಿಕೆ ಆಗಿಬಿಡುತ್ತದೆ. ಎಲ್ಲರೂ ಬುದ್ಧಿವಂತರಾಗಿ ನಡೆದುಕೊಂಡು, ಎಲ್ಲರೂ ಸೇರಿ ಗಟ್ಟಿ ಬ್ಯಾಂಕನ್ನೇ ಬೀಳಿಸುತ್ತಾರೆ. ಈ ಲೆಕ್ಕಾಚಾರವನ್ನು 1983ರಲ್ಲಿ ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ ಎಂಬ ಅರ್ಥಶಾಸ್ತ್ರಜ್ಞರು ಬಿಡಿಸಿ ತೋರಿಸಿದರು. 2022ರಲ್ಲಿ ಇವರಿಗೆ ನೊಬೆಲ್ ಬಂತು.

ಸುದ್ದಿ ಹುಟ್ಟಲು ಒಬ್ಬ ಸುಳ್ಳುಗಾರನಾದರೂ ಬೇಕಲ್ವಾ? ಅದೂ ಬೇಡ. ಜಪಾನಿನ ಐಚಿ ಪ್ರಾಂತ್ಯದಲ್ಲಿ ತೊಯೊಕಾವಾ ಎಂಬ ಸಣ್ಣ ಊರಿನ ಉಳಿತಾಯ ಬ್ಯಾಂಕಿನ ಕಥೆ ಕೇಳಿ. 1973ರ ಡಿಸೆಂಬರ್. ರೈಲಿನಲ್ಲಿ ಹೈಸ್ಕೂಲು ಹುಡುಗಿಯರು ಮಾತಾಡುತ್ತಿದ್ದರು. ಒಬ್ಬಳಿಗೆ ಆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. "ಅಲ್ಲಿ ಅಪಾಯ ಕಣೇ" ಎಂದು ಗೆಳತಿ ರೇಗಿಸಿದಳು. ದರೋಡೆಕೋರರು ನುಗ್ಗಬಹುದು ಎಂಬುದಷ್ಟೇ ಅವಳ ಅರ್ಥ. ಕೆಲಸ ಸಿಕ್ಕಿದ್ದ ಹುಡುಗಿ ಮನೆಗೆ ಹೋಗಿ ನೆಂಟರನ್ನು ವಿಚಾರಿಸಿದಳು. ಅವರು ಇನ್ನೊಬ್ಬರನ್ನು ಕೇಳಿದರು. ಬಾಯಿಂದ ಬಾಯಿಗೆ ಹೋಗುತ್ತಾ ಮಾತು ಬ್ಯಾಂಕೇ ಅಪಾಯದಲ್ಲಿದೆ ಎಂದಾಯಿತು. ಕೆಲವು ದಿನ ಬಿಟ್ಟು ಒಂದು ಲಾಂಡ್ರಿ ಅಂಗಡಿಗೆ ಬಂದ ಒಬ್ಬರು ಅಲ್ಲಿನ ಫೋನಿನಿಂದ ಮನೆಗೆ ಮಾತಾಡಿ, ಬ್ಯಾಂಕಿನಿಂದ 12 ಲಕ್ಷ ಯೆನ್ ತೆಗೆಯಲು ಹೇಳಿದರು. ಅವರಿಗೆ ಅದು ವ್ಯಾಪಾರಕ್ಕೆ ಬೇಕಿದ್ದ ದುಡ್ಡು. ಆದರೆ ಆ ಗಾಳಿಸುದ್ದಿ ಅಂಗಡಿಯವರ ಕಿವಿಗೆ ಮೊದಲೇ ಬಿದ್ದಿತ್ತು. ಅವರು ತಮ್ಮ ದುಡ್ಡು ತೆಗೆದರು, ಗುರುತಿನವರಿಗೆಲ್ಲ ಎಚ್ಚರಿಕೆ ಕೊಟ್ಟರು. ಶಾಖೆಯ ಮುಂದೆ ಜನ ಮುಗಿಬಿದ್ದರು. ಪೊಲೀಸರು ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಹರಟೆ ಹೊಡೆದ ಹುಡುಗಿಯರು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ.

ಆ ಹೊತ್ತಿನಲ್ಲಿ ಪೆಟ್ರೋಲಿಯಂ ಬಿಕ್ಕಟ್ಟಿನಿಂದ ಜಪಾನಿನ ಜನ ಟಾಯ್ಲೆಟ್ ಪೇಪರಿಗೂ ಮುಗಿಬೀಳುತ್ತಿದ್ದರು ಎಂಬುದು ನೆನಪಿರಲಿ. ಮೊದಲೇ ಹೆದರಿದ ಊರಲ್ಲಿ ಸುದ್ದಿ ಬೇಗ ಹತ್ತಿಕೊಳ್ಳುತ್ತದೆ. ಇನ್ನು ಈಗ ಸಾಲು ನಿಲ್ಲಲು ಬ್ಯಾಂಕಿನವರೆಗೆ ಹೋಗಬೇಕಾಗಿಯೂ ಇಲ್ಲ, ಕೂತಲ್ಲಿಂದಲೇ ಆನ್‌ಲೈನ್‌ನಲ್ಲಿ ದುಡ್ಡು ತೆಗೆಯಬಹುದು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 4,200 ಕೋಟಿ ಡಾಲರ್ ಹೊರಗೆ ಹೋಯಿತು.

ಇದಕ್ಕೆ ಮದ್ದು ಭಾಷಣವಲ್ಲ, ನಗದು. ಕೇಳಿದವರಿಗೆಲ್ಲ ತಕರಾರು ಇಲ್ಲದೆ ಕೊಡುತ್ತಾ ಹೋದರೆ ಸಾಲು ತಾನಾಗಿ ಕರಗುತ್ತದೆ. 2003ರ ಏಪ್ರಿಲ್‌ನಲ್ಲಿ ಗುಜರಾತಿನಲ್ಲಿ ಐಸಿಐಸಿಐ ಬ್ಯಾಂಕಿನ ಬಗ್ಗೆ ಗಾಳಿಸುದ್ದಿ ಹಬ್ಬಿ ಜನ ಎಟಿಎಂಗಳಿಗೆ ಮುತ್ತಿದಾಗ ರಿಸರ್ವ್ ಬ್ಯಾಂಕ್ ಬೆನ್ನಿಗೆ ನಿಂತಿತು. ಗದ್ದಲ ಅಡಗಿತು.

ಹಾಗಂತ ಪ್ರತಿ ಸುದ್ದಿಯೂ ಗಾಳಿಸುದ್ದಿ ಅಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ತೊಂದರೆ ನಿಜವಾಗಿಯೇ ಇತ್ತು. ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, ಒಬ್ಬರು 35,000 ರೂಪಾಯಿಗಿಂತ ಜಾಸ್ತಿ ತೆಗೆಯುವಂತಿಲ್ಲ ಎಂದಿತು. ಜೀವಮಾನದ ಉಳಿತಾಯ ಇಟ್ಟಿದ್ದ ನಿವೃತ್ತರ ಸಂಕಟವನ್ನು ನಾಡೇ ನೋಡಿತು. ಹೊರಗಿನಿಂದ ನೋಡುವ ಠೇವಣಿದಾರರಿಗೆ ಎರಡನ್ನೂ ಬೇರೆ ಮಾಡಿ ತಿಳಿಯುವುದು ಬಹಳ ಕಷ್ಟ. ಆದ್ದರಿಂದಲೇ ಠೇವಣಿ ವಿಮೆ, ಅಂದರೆ ಬ್ಯಾಂಕ್ ಮುಳುಗಿದರೂ ಠೇವಣಿದಾರರಿಗೆ ಒಂದು ಮಿತಿಯವರೆಗೆ ದುಡ್ಡು ಕೊಡುವ ವ್ಯವಸ್ಥೆ ಇರುವುದು.

1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ ನಮ್ಮಲ್ಲಿ ಈ ವಿಮೆಗೆ ಚಾಲನೆ ಸಿಕ್ಕಿ, 1962ರಲ್ಲಿ ಶುರುವಾಯಿತು. ಆಗ ರಕ್ಷಣೆ ಬರೀ 1,500 ರೂಪಾಯಿ. 2020ರ ಫೆಬ್ರವರಿಯಿಂದ 5 ಲಕ್ಷ, ಅಸಲು ಬಡ್ಡಿ ಎರಡೂ ಸೇರಿ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಇಷ್ಟು, ಎಷ್ಟು ಶಾಖೆಯಲ್ಲಿ ಇಟ್ಟರೂ ಒಟ್ಟು ಅಷ್ಟೇ. ಕಂತನ್ನು ಬ್ಯಾಂಕೇ ಕಟ್ಟುತ್ತದೆ. 2021ರ ತಿದ್ದುಪಡಿಯ ನಂತರ, ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ ಈ ಮೊತ್ತ 90 ದಿನದೊಳಗೆ ಕೈಗೆ ಬರಬೇಕು.

ಒಂದು ಮಾತನ್ನು ಒತ್ತಿ ಹೇಳಬೇಕು. ಈ ರಕ್ಷಣೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕುಗಳಿಗೆ ಮಾತ್ರ. ಅರ್ಬನ್ ಸಹಕಾರಿ ಬ್ಯಾಂಕ್, ಡಿಸಿಸಿ ಬ್ಯಾಂಕ್ ಇದರೊಳಗೆ ಬರುತ್ತವೆ. ಹಳ್ಳಿಯ ಕೃಷಿ ಪತ್ತಿನ ಸಂಘ, ಲೈಸೆನ್ಸ್ ಇಲ್ಲದ ಸೌಹಾರ್ದ, ಚೀಟಿ ವ್ಯವಹಾರ ಬರುವುದಿಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಮಗಳ ಮದುವೆ ದುಡ್ಡನ್ನೆಲ್ಲ ಒಂದೇ ಸಂಘದಲ್ಲಿ ಇಡುವವರು ಮೊದಲು ಕೌಂಟರಿನಲ್ಲಿ ಕೇಳಿ, ಇಲ್ಲಿ ಠೇವಣಿಗೆ ವಿಮೆ ಇದೆಯಾ ಅಂತ. ಉತ್ತರ ಬಾಯಿಮಾತಾದರೆ ಸಾಲದು, ಠೇವಣಿ ವಿಮೆಯ ನೋಂದಣಿ ಪತ್ರ ತೋರಿಸಲು ಹೇಳಿ.