ಸಾಲು ಮುರಿದರೆ ಬ್ರೈಲ್ ಸಂಗೀತವೂ ಬದಲಾಗುತ್ತದೆ

ಅಚ್ಚಾದ ಸಂಗೀತವನ್ನು ಬ್ರೈಲ್‌ಗೆ ಇಳಿಸುವ ಸಾಫ್ಟ್‌ವೇರ್ ಬರೆಯುತ್ತೇನೆ ಅಂದರೆ ಕಲಬುರಗಿಯಲ್ಲಿ ಜನ ಕೇಳುವ ಮೊದಲ ಮಾತು: "ಪುಸ್ತಕದ ಫೋಟೋ ಹೊಡೆದು ಕೊಟ್ರ ಆಗಂಗಿಲ್ಲೇನ್ರಿ?" ಆಗುತ್ತದೆ. ಪರದೆ ಮೇಲೆ ಚುಕ್ಕಿಗಳು ಬರುತ್ತವೆ. ಆದರೆ ಹಾಗೆ ಬಂದದ್ದನ್ನು ಬೆರಳಿಂದ ಓದಿ, ಬಾಯಿಪಾಠ ಮಾಡಿ, ಕೀಬೋರ್ಡ್ ಮೇಲೆ ನುಡಿಸಬೇಕಾದ ಹುಡುಗನಿಗೆ ಅದು ಬಹಳ ಸಲ ಕೆಲಸಕ್ಕೆ ಬರುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಚುಕ್ಕಿಗಳಿಂದಲೇ ಶುರು ಮಾಡಬೇಕು.

ಲೂಯಿ ಬ್ರೈಲ್ 1829ರಲ್ಲಿ ತಮ್ಮ ಪದ್ಧತಿಯನ್ನು ಮೊದಲು ಪ್ರಕಟಿಸಿದಾಗಲೇ ಅದರಲ್ಲಿ ಸಂಗೀತ ಇತ್ತು. ಅವರೇ ಚರ್ಚ್‌ನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಬ್ರೈಲ್‌ನ ಒಂದೊಂದು ಅಕ್ಷರದ ಜಾಗಕ್ಕೆ ಸೆಲ್ ಅಂತಾರೆ. ಅದರಲ್ಲಿ ಆರು ಚುಕ್ಕಿ: ಎಡಗಡೆ ಮೇಲಿಂದ ಕೆಳಗೆ 1, 2, 3, ಬಲಗಡೆ 4, 5, 6. ಇವತ್ತು ನಾವು ಬಳಸುವ ಪದ್ಧತಿಯಲ್ಲಿ ಸೆಲ್‌ನ ಮೇಲಿನ ನಾಲ್ಕು ಚುಕ್ಕಿಗಳು, ಅಂದರೆ 1, 2, 4, 5, ಯಾವ ಸ್ವರ ಅಂತ ಹೇಳುತ್ತವೆ. ಕೆಳಗಿನ 3 ಮತ್ತು 6 ಅದು ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳುತ್ತವೆ. ಪಾಶ್ಚಾತ್ಯ ಸಂಗೀತದ ಸಿ ಸ್ವರದ ಎಯ್ತ್ ನೋಟ್, ಅಂದರೆ ಪೂರ್ತಿ ಉದ್ದದ ಹೋಲ್ ನೋಟ್‌ನ ಎಂಟನೇ ಒಂದು ಭಾಗ, 1-4-5. ಅದಕ್ಕೆ 6 ಸೇರಿಸಿದರೆ ಕ್ವಾರ್ಟರ್, 3 ಸೇರಿಸಿದರೆ ಹಾಫ್, ಎರಡನ್ನೂ ಸೇರಿಸಿದರೆ ಹೋಲ್ ನೋಟ್. ಅಲ್ಲಿಗೆ ಆರು ಚುಕ್ಕಿಗಳ ಲೆಕ್ಕ ಮುಗಿಯಿತು. ಹಾಗಾದರೆ ಸಿಕ್ಸ್‌ಟೀಂತ್ ನೋಟ್? ಅದಕ್ಕೂ ಹೋಲ್ ನೋಟ್‌ನದೇ ಗುರುತು! ಯಾವುದು ಯಾವುದು ಅಂತ ಓದುವವರು ಬಾರ್‌ನ, ಅಂದರೆ ಸಂಗೀತವನ್ನು ಸಮ ಅಳತೆಗೆ ಕತ್ತರಿಸಿದ ಒಂದು ತುಂಡಿನ, ಒಟ್ಟು ಲೆಕ್ಕ ಹಿಡಿದು ತಿಳಿದುಕೊಳ್ಳುತ್ತಾರೆ. ನಾಲ್ಕು ಕ್ವಾರ್ಟರ್ ಅಳತೆಯ ಬಾರ್‌ನಲ್ಲಿ ಒಂದೇ ಗುರುತು ಇದ್ದರೆ ಹೋಲ್, ಹದಿನಾರು ಇದ್ದರೆ ಸಿಕ್ಸ್‌ಟೀಂತ್. ಗೊಂದಲ ಆಗುವ ಕಡೆ ಮಾತ್ರ ಬೇರೆ ಗುರುತು ಹಾಕುತ್ತೇವೆ.

ಈ ಲೆಕ್ಕ ನನಗೆ ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ. ಇಲ್ಲಿನ ವಿದ್ಯಾರ್ಥಿಗಳು ತರುವ ಪುಸ್ತಕ ಹೆಚ್ಚಾಗಿ ಜೆರಾಕ್ಸ್‌ನ ಜೆರಾಕ್ಸ್. ನಮ್ಮೂರಿನ ಧೂಳು ಗೊತ್ತಲ್ಲ, ಗಾಜಿನ ಮೇಲೆ ಕೂತ ಒಂದು ಕಣ ಸ್ಕ್ಯಾನ್‌ನಲ್ಲಿ ಸ್ವರದ ಬಲಗಡೆ ಚುಕ್ಕಿಯಾಗಿ ಬಿದ್ದರೆ ಆ ಸ್ವರ ಒಂದೂವರೆ ಪಟ್ಟು ಉದ್ದವಾಗುತ್ತದೆ. ನೋಟ್ ತಲೆಯ ಮೇಲೆ ಬಿದ್ದರೆ ಸ್ಟಕಾಟೊ, ಅಂದರೆ ತುಂಡರಿಸಿ ನುಡಿಸುವ ಸ್ವರ, ಆಗುತ್ತದೆ. ಮೊದಲನೆಯದನ್ನು ಸಾಫ್ಟ್‌ವೇರ್ ಹಿಡಿಯಬಲ್ಲದು, ಯಾಕೆಂದರೆ ಬಾರ್‌ನ ಮೊತ್ತ ಕೂಡುವುದಿಲ್ಲ. ಎರಡನೆಯದನ್ನು ಹಿಡಿಯುವ ಲೆಕ್ಕವೇ ಇಲ್ಲ, ಕಣ್ಣಿರುವ ಯಾರಾದರೂ ಕೂತು ನೋಡಬೇಕು. ಹಾಗಾಗಿ ಸ್ಕ್ಯಾನ್‌ನಿಂದ ನೇರ ಬ್ರೈಲ್‌ಗೆ ನಾನು ಹೋಗುವುದಿಲ್ಲ. ಮೊದಲು ಸ್ವರಗಳನ್ನು ಕಂಪ್ಯೂಟರ್ ಓದುವಂತೆ ಬರೆದಿಡುವ ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲ್, ಅದನ್ನು ಮ್ಯೂಸ್‌ಸ್ಕೋರ್ ಅನ್ನುವ ಸಂಗೀತ ಬರೆಯುವ ಸಾಫ್ಟ್‌ವೇರ್‌ನಲ್ಲಿ ತೆರೆದು ಕೇಳಿ, ತಿದ್ದಿ, ಆಮೇಲೆ ಬ್ರೈಲ್. ಅವಸರ ಇದ್ದವರಿಗೆ ಇದು ಬೇಸರ ತರಿಸುತ್ತದೆ, ಏನು ಮಾಡೋದು.

ಇನ್ನು ನಿಜವಾದ ತಲೆನೋವಿಗೆ ಬರೋಣ. ಅಚ್ಚಿನಲ್ಲಿ ಸ್ವರ ಎಷ್ಟು ಮೇಲಿದೆ ಅಂತ ಐದು ಗೆರೆ ನೋಡಿದರೆ ಸಾಕು. ಬ್ರೈಲ್‌ನಲ್ಲಿ ಗೆರೆಗಳಿಲ್ಲ, ಅದಕ್ಕೇ ಆಕ್ಟೇವ್ ಗುರುತು. ಆಕ್ಟೇವ್ ಅಂದರೆ ಸಿ ಇಂದ ಬಿ ವರೆಗಿನ ಏಳು ಸ್ವರಗಳ ಒಂದು ಗುಂಪು, ಮುಂದಿನ ಸಿಗೆ ಹೊಸ ಆಕ್ಟೇವ್. ನಾಲ್ಕನೇ ಆಕ್ಟೇವ್‌ಗೆ, ಅಂದರೆ ಕೀಬೋರ್ಡ್‌ನ ನಡುವಿನ ಮಿಡಲ್ ಸಿ ಇಂದ ಮೇಲಕ್ಕೆ, 5ನೇ ಚುಕ್ಕಿ. ಪ್ರತಿ ಸ್ವರಕ್ಕೂ ಇದನ್ನು ಹಾಕಿದರೆ ಓದುವುದು ನಿಧಾನವಾಗುತ್ತದೆ, ಆದ್ದರಿಂದ ಒಂದು ನಿಯಮ ಇದೆ. ಹಿಂದಿನ ಸ್ವರವನ್ನೇ ಒಂದು ಅಂತ ಎಣಿಸಿ, ಎರಡನೆಯ ಅಥವಾ ಮೂರನೆಯ ಸ್ವರಕ್ಕೆ ಹೋದರೆ ಗುರುತು ಬೇಡ. ಆರನೆಯದು ಅಥವಾ ಅದಕ್ಕಿಂತ ದೂರ ಹಾರಿದರೆ ಬೇಕೇ ಬೇಕು. ನಾಲ್ಕನೆಯದು, ಐದನೆಯದು ಆದರೆ ಆಕ್ಟೇವ್ ಬದಲಾದಾಗ ಮಾತ್ರ. ಸಿ ಇಂದ ಮೇಲಿನ ಎಫ್‌ಗೆ ಬೇಡ, ಜಿ ಇಂದ ಮೇಲಿನ ಸಿಗೆ ಬೇಕು.

ಇಷ್ಟನ್ನು ಕೋಡ್ ಮಾಡುವುದು ಅರ್ಧ ದಿನದ ಕೆಲಸ. ಆದರೆ ಇನ್ನೊಂದು ಮಾತಿದೆ: ಪ್ರತಿ ಹೊಸ ಸಾಲಿನ ಮೊದಲ ಸ್ವರಕ್ಕೂ ಆಕ್ಟೇವ್ ಗುರುತು ಬೇಕು. ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಒಂದು ಬಾರ್ ಈ ಸಾಲಿನಲ್ಲಿ ಹಿಡಿಯದೆ ಕೆಳಗೆ ಇಳಿಯಿತು ಅನ್ನಿ. ಇಳಿದ ಕೂಡಲೇ ಅದಕ್ಕೆ ಒಂದು ಸೆಲ್ ಜಾಸ್ತಿ ಆಯಿತು. ಆ ಜಾಸ್ತಿ ಸೆಲ್‌ನಿಂದ ಹೊಸ ಸಾಲಿನಲ್ಲೂ ಹಿಡಿಯದೆ ಹೋದರೆ 5ನೇ ಚುಕ್ಕಿಯ ಹೈಫನ್ ಹಾಕಿ ಬಾರ್ ಒಡೆಯಬೇಕು, ಉಳಿದ ತುಂಡಿನ ಮೊದಲ ಸ್ವರಕ್ಕೆ ಮತ್ತೆ ಗುರುತು. ಮೊದಲು ಪೂರ್ತಿ ಅನುವಾದ ಮಾಡಿ ಆಮೇಲೆ ಸಾಲು ಕತ್ತರಿಸೋಣ ಅಂತ ಹೊರಟ ಪ್ರೋಗ್ರಾಮ್ ಇಲ್ಲಿ ತಪ್ಪು ಬ್ರೈಲ್ ಕೊಡುತ್ತದೆ. ಎರಡೂ ಕೆಲಸ ಕೈ ಹಿಡಿದುಕೊಂಡೇ ನಡೆಯಬೇಕು.

ಎಂಬಾಸರ್, ಅಂದರೆ ಬ್ರೈಲ್ ಪ್ರಿಂಟರ್‌ನ ಹಾಳೆಯಲ್ಲಿ ಸಾಮಾನ್ಯವಾಗಿ ಸಾಲಿಗೆ 40 ಸೆಲ್. ವಿದ್ಯಾರ್ಥಿಯ ಕೈಯಲ್ಲಿರುವ, ಚುಕ್ಕಿಗಳು ಎದ್ದು ಇಳಿಯುವ ಬ್ರೈಲ್ ಡಿಸ್‌ಪ್ಲೇಯಲ್ಲಿ 20 ಇರಬಹುದು. 40ಕ್ಕೆ ಮಾಡಿದ ಫೈಲನ್ನು ಸುಮ್ನೆ 20ಕ್ಕೆ ಕತ್ತರಿಸಿ ಕಳಿಸುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಓದುವವರು ಸಾಲಿನ ಮೊದಲಲ್ಲೇ ಯಾವ ಆಕ್ಟೇವ್ ಅಂತ ತಿಳಿಯದೆ ಹಿಂದಕ್ಕೆ ಹುಡುಕಿಕೊಂಡು ಹೋಗುತ್ತಾರೆ. ನನ್ನ ಕೇಳಿದರೆ ಬ್ರೈಲ್ ಫೈಲನ್ನು ಕಾಪಿಟ್ಟುಕೊಳ್ಳುವುದೇ ಬೇಡ. ಮೂಲ ಸಂಗೀತದ ಫೈಲ್ ಇರಲಿ, ಯಾರು ಯಾವ ಅಗಲಕ್ಕೆ ಕೇಳುತ್ತಾರೋ ಆ ಹೊತ್ತಿಗೆ ಬ್ರೈಲ್ ಹುಟ್ಟಲಿ.

ಅಗಲದ ಜೊತೆ ಭಾಷೆಯೂ ಸೇರುತ್ತದೆ. ಎಯ್ತ್ ನೋಟ್ ಸಿ 1-4-5 ಅಂದೆನಲ್ಲ, ಕನ್ನಡದಂಥ ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಅದು ದ. ಎಫ್‌ನ ಎಯ್ತ್ ನೋಟ್ 1-2-4-5, ಅದು ಗ. ಸಂಗೀತದ ನಡುವೆ ‘ಮೆಲ್ಲಗೆ’ ಅಂತ ಮಾತು ಬರೆಯಬೇಕಾದರೆ ಮುಂದೆ 3-4-5 ಹಾಕಬೇಕು. ಕನ್ನಡ ಓದುವ ಬೆರಳಿಗೆ ಅದು ಆ! ಇಂಗ್ಲಿಷ್ ಬ್ರೈಲ್ ಜೊತೆ ಕಲಿತ ಮಕ್ಕಳಿಗೆ ಇದು ಅಷ್ಟು ಕಾಡುವುದಿಲ್ಲ, ಕನ್ನಡದಲ್ಲೇ ಓದಿ ಬಂದವರಿಗೆ ಕಾಡುತ್ತದೆ. ಬೀದರ್, ಯಾದಗಿರಿ ಕಡೆ ಚರ್ಚ್‌ಗಳಲ್ಲಿ ಹಾಡುವ ಕನ್ನಡ ಕೀರ್ತನೆಗಳಂಥವಕ್ಕೆ ನಾನು ಸಾಹಿತ್ಯದ ಸಾಲನ್ನು ಅಂಚಿನಿಂದಲೇ ಶುರು ಮಾಡಿ, ಅದರ ಕೆಳಗೆ ಸಂಗೀತವನ್ನು ಮೂರನೇ ಸೆಲ್‌ನಿಂದ ಇಡುತ್ತೇನೆ. ಬೆರಳು ಅಂಚಿಗೆ ತಾಗಿದರೆ ಮಾತು, ಎರಡು ಸೆಲ್ ಖಾಲಿ ಸಿಕ್ಕರೆ ಸ್ವರ. ಇದು ಹಳೆಯ ಪದ್ಧತಿಯೇ, ನನ್ನ ಜಾಣತನ ಏನಿಲ್ಲ.

ಆದರೆ ನಮ್ಮ ಭಾಗದಲ್ಲಿ ಐದು ಗೆರೆಯ ಸ್ಟಾಫ್ ನೊಟೇಷನ್ ಓದುವವರಿಗಿಂತ ಹಾರ್ಮೋನಿಯಂ ಹಿಡಿದವರೇ ಜಾಸ್ತಿ ಅಲ್ವಾ. ಅವರ ಪುಸ್ತಕಗಳಲ್ಲಿ ಇರುವುದು ಹಿಂದುಸ್ತಾನಿ ಸಂಗೀತವನ್ನು ಅಕ್ಷರಗಳಲ್ಲಿ ಬರೆಯುವ ಭಾತಖಂಡೆ ಸ್ವರಲಿಪಿ. ಮಂದ್ರ ಸಪ್ತಕದ (ಕೆಳಗಿನ ಆಕ್ಟೇವ್‌ನ) ಕೋಮಲ ನಿ, ಅಂದರೆ ಸ್ವಲ್ಪ ಇಳಿಸಿದ ನಿ, ತೆಗೆದುಕೊಳ್ಳಿ: ಅಕ್ಷರದ ಕೆಳಗೆ ಕೋಮಲದ ಗೀಟು, ಮಂದ್ರದ ಚುಕ್ಕಿ, ಪಕ್ಕದ ಸ್ವರದ ಜೊತೆ ಒಂದೇ ಮಾತ್ರೆಯಲ್ಲಿ (ತಾಳದ ಒಂದು ಎಣಿಕೆಯಲ್ಲಿ) ಬಂದರೆ ಅದರಡಿ ಕಮಾನು. ಒಂದು ಅಕ್ಷರದ ಹೊಟ್ಟೆಯ ಕೆಳಗೆ ಮೂರು ಗುರುತು. ಬ್ರೈಲ್‌ನಲ್ಲಿ ಕೆಳಗೆ ಅನ್ನುವುದೇ ಇಲ್ಲ, ಎಲ್ಲವೂ ಒಂದರ ಹಿಂದೆ ಒಂದು ಸಾಲಿನಲ್ಲಿ ನಿಲ್ಲಬೇಕು. ಪಾಶ್ಚಾತ್ಯ ಬ್ರೈಲ್‌ನಲ್ಲಿ ಮೊದಲು ಶಾರ್ಪ್ ಅಥವಾ ಫ್ಲಾಟ್, ಆಮೇಲೆ ಆಕ್ಟೇವ್, ಕೊನೆಗೆ ಸ್ವರ. ನಾನು ಅದೇ ಕ್ರಮ ಇಟ್ಟುಕೊಂಡಿದ್ದೇನೆ: ಕೋಮಲ, ಸಪ್ತಕ, ಸ್ವರ. ಮಾತ್ರೆ ಮಾತ್ರೆಗೆ ನಡುವೆ ಒಂದು ಖಾಲಿ ಸೆಲ್ ಇರುವುದರಿಂದ ಕಮಾನು ಬೇಕಾಗುವುದಿಲ್ಲ.

ತೀನ್‌ತಾಲ ಅನ್ನುವ ತಾಳದ 16 ಮಾತ್ರೆ, ಬರೀ ಶುದ್ಧ ಸ್ವರಗಳಾಗಿ ಮಾತ್ರೆಗೆ ಒಂದರಂತೆ ಬಂದರೆ, 40 ಸೆಲ್‌ನಲ್ಲಿ ಆರಾಮಾಗಿ ಕೂರುತ್ತವೆ. 20ರಲ್ಲಿ 8 ಮಾತ್ರೆಗೆ ಸಾಲು ಮುರಿಯುವುದು ಸರಿ, ಎರಡನೇ ಸಾಲು ‘ಖಾಲಿ’ಯಿಂದ, ಅಂದರೆ ತಾಳದಲ್ಲಿ ಚಪ್ಪಾಳೆ ಬದಲು ಕೈ ಬೀಸುವ 9ನೇ ಮಾತ್ರೆಯಿಂದ ಶುರುವಾಗುತ್ತದೆ. ಆದರೆ ಎಷ್ಟೋ ಬಂದಿಶ್‌ಗಳ (ಹಿಂದುಸ್ತಾನಿ ರಚನೆಗಳ) ಮುಖಡಾ, ಅಂದರೆ ಮತ್ತೆ ಮತ್ತೆ ಬರುವ ಮೊದಲ ಸಾಲು, ಎದ್ದೇಳುವುದೇ 9ನೇ ಮಾತ್ರೆಯಿಂದ. ಆಗ ಮೊದಲ ಸಾಲು ಖಾಲಿಯದು, ಎರಡನೆಯದರ ತಲೆಗೆ ಸಮ್, ಅಂದರೆ ತಾಳದ 1ನೇ ಮಾತ್ರೆ, ಬೀಳಬೇಕು. ಹಾಗಾಗಿ ಬಂದಿಶ್ ಎಲ್ಲಿಂದ ಏಳುತ್ತದೆ ಅಂತ ಸಾಫ್ಟ್‌ವೇರ್ ತಾನೇ ಊಹಿಸಲು ಹೋಗುವುದಿಲ್ಲ. ಸ್ವರ ಟೈಪ್ ಮಾಡುವ ಮೊದಲೇ ಮೇಷ್ಟರನ್ನು ಕೇಳುತ್ತದೆ.